ಬಿಸಿಲಿಗೆ ಅರಗಿನ ಮುದ್ರೆ

ಲಿಂಗಂಪಲ್ಲಿಯ ಆಚೆಗೆ, ಹೆಬ್ಬಂಡೆಗಳ ನಡುವೆ, ಸೈನ್ಯದ ಒಂದು ಸಣ್ಣ ಸಾಮಾನು ಡಿಪೋ ಇತ್ತು. ಸುಬೇದಾರನಾಗಿ ನಿವೃತ್ತನಾದ ಮೇಲೆ ನಾನು ಅಲ್ಲಿ ಸಿವಿಲಿಯನ್ ಹುದ್ದೆಗೆ ಸೇರಿದೆ. ದೀಪ ಮತ್ತು ನೀರು ನನ್ನ ಉಸ್ತುವಾರಿ. ನಾರಾಯಣಗೂಡದ ಮನೆಯಿಂದ ಕಾಚಿಗೂಡ ಸ್ಟೇಷನ್ನಿಗೆ ನಡಿಗೆ, ಅಲ್ಲಿಂದ ಲೋಕಲ್ ರೈಲು, ಕೊನೆಯ ನಿಲ್ದಾಣದಲ್ಲಿ ಇಳಿದು ಮತ್ತೆ ನಡಿಗೆ. ಹಾಜರಿ ಕರೆಯುವ ಮುಂಚೆ ಜನರೇಟರ್ ಶೆಡ್ಡಿನ ಎದುರು ನಿಂತಿರುತ್ತಿದ್ದೆ. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಹರೆಯವೆಲ್ಲ ಬ್ಯೂಗಲ್ ಸದ್ದಿಗೆ ಎದ್ದವನಿಗೆ ಬೇರೆ ರೀತಿ ಬದುಕಲು ಬರುವುದಿಲ್ಲ.

ಆ ವರ್ಷಗಳಲ್ಲಿ ಊರು ನಮ್ಮ ಕಡೆಗೆ ಸರಿದು ಬರುತ್ತಿತ್ತು. ಇವತ್ತು ಬಂಡೆ ಇದ್ದಲ್ಲಿ ನಾಳೆ ಗುಂಡಿ, ಮರುವರ್ಷ ಗಾಜಿನ ಕಟ್ಟಡ. ಕಂಪ್ಯೂಟರ್ ಕಂಪನಿಗಳ ಆ ಕಟ್ಟಡಗಳನ್ನು ಕಟ್ಟುತ್ತಿದ್ದವರಲ್ಲಿ ಬಹಳ ಜನ ನಮ್ಮ ಕನ್ನಡ ಸೀಮೆಯವರೇ. ಕಲಬುರ್ಗಿ, ಯಾದಗಿರಿ, ಬೀದರಿನಿಂದ ಹೆಂಡತಿ ಮಕ್ಕಳ ಸಮೇತ ಬಂದು ತಗಡಿನ ಶೆಡ್ಡುಗಳಲ್ಲಿ ಇಳಿದಿದ್ದರು. ಮಧ್ಯಾಹ್ನದ ಹೊತ್ತಿಗೆ ಸೀಟಿ ಊದುವುದು ಕೇಳಿಸುತ್ತಿತ್ತು. ಆಮೇಲೆ ಬಂಡೆ ಸಿಡಿಸುವ ಮದ್ದಿನ ಸದ್ದು. ನಮ್ಮ ಕಿಟಕಿಗಳು ನಡುಗುತ್ತಿದ್ದವು. ಮೊದಮೊದಲು ಕಾವಲಿನ ಜವಾನರು ಬೆಚ್ಚಿ ಬೀಳುತ್ತಿದ್ದರು. ಒಂದೆರಡು ತಿಂಗಳಲ್ಲಿ ಯಾರೂ ತಲೆ ಎತ್ತಿ ನೋಡುವುದನ್ನೂ ಬಿಟ್ಟರು.

ಆ ಕಟ್ಟಡಗಳಿಗೆ ಬೇಕಾದ ವಿದ್ಯುತ್ತು ಎಲ್ಲಿಂದಲೋ ಬರಬೇಕು. ನಮ್ಮದು ಲೈನಿನ ಬಾಲ. ಕರೆಂಟು ಹೋಗುವುದು ನಮ್ಮಲ್ಲೇ ಮೊದಲು, ಬರುವುದು ನಮ್ಮಲ್ಲೇ ಕೊನೆಗೆ. ಹೀಗಾಗಿ ಜನರೇಟರು ದಣಿವಿಲ್ಲದೆ ಓಡುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ನನ್ನ ಮೈದುನ, ಹೆಂಡತಿಯ ತಮ್ಮ. ಭಾಲ್ಕಿಯಿಂದ ಬಂದು, ಪರೀಕ್ಷೆ ಪಾಸು ಮಾಡಿ ಅಟೆಂಡರ್ ಆಗಿದ್ದ. ಬಾಡಿಗೆ ಮನೆ ಲಿಂಗಂಪಲ್ಲಿಯಲ್ಲೇ. ದಿನಾ ಬೆಳಿಗ್ಗೆ ಜನರೇಟರಿಗೆ ಎರಡು ಊದಿನಕಡ್ಡಿ ಹಚ್ಚಿ, ಕೈಮುಗಿದು, ಆಮೇಲೆಯೇ ಹ್ಯಾಂಡಲ್ ಮುಟ್ಟುತ್ತಿದ್ದ. ಡೀಸೆಲ್ ಶೆಡ್ಡಿನಲ್ಲಿ ಬೆಂಕಿ ಕೂಡದೆಂದು ನಾನು ಹೇಳಿ ಹೇಳಿ ಕಡೆಗೆ ಕಡ್ಡಿಗಳು ಬಾಗಿಲ ಹೊರಗಿನ ಕಲ್ಲಿನ ಸಂದಿಗೆ ಹೋದವು. ಅಷ್ಟರ ಮಟ್ಟಿಗೆ ಅವನು ನನ್ನ ಮಾತು ಕೇಳುತ್ತಿದ್ದ.

ಸೈನ್ಯಕ್ಕೆ ಬಿಸಿಲಿನ ವಿದ್ಯುತ್ ಬೇಕೇ ಎಂದು ಯಾರಾದರೂ ಕೇಳಿದರೆ ನಾನು ಆಗಲೂ ಬೇಕು ಎನ್ನುತ್ತಿದ್ದೆ, ಈಗಲೂ ಬೇಕು ಎನ್ನುತ್ತೇನೆ. ಕಾರಣ ಪುಸ್ತಕದ್ದಲ್ಲ. ಸರ್ವೀಸಿನಲ್ಲಿದ್ದಾಗ ಹಿಮದ ಠಾಣೆಯೊಂದಕ್ಕೆ ಜನರೇಟರಿನ ಡೀಸೆಲ್ ಎಣ್ಣೆ ಸಾಗಿಸುವ ಲಾರಿಗಳ ಜೊತೆ ಹೋಗುತ್ತಿದ್ದೆ. ಮೇಲಕ್ಕೆ ಹೋಗುವ ಲಾರಿಗಳಲ್ಲಿ ಹಿಟ್ಟು ಬೇಳೆಗಿಂತ ಎಣ್ಣೆಯೇ ಹೆಚ್ಚು. ಒಮ್ಮೆ ನನ್ನ ಮುಂದಿನ ಲಾರಿ ತಿರುವಿನಲ್ಲಿ ಜಾರಿ ಕಣಿವೆಗೆ ಹೋಯಿತು. ಡ್ರೈವರ್ ಹಿಂದಿನ ದಿನ ನನ್ನ ತಟ್ಟೆಯಲ್ಲಿ ಉಂಡವನು. ಮೇಲಿನ ಠಾಣೆಯಲ್ಲಿ ಬಿಸಿಲಿಗೆ ಬರವಿರಲಿಲ್ಲ. ಮುಖದ ಚರ್ಮ ಸುಲಿಯುವಷ್ಟು ಬೀಳುತ್ತಿತ್ತು. ಒಂದು ಗುಡಾರದ ದೀಪ ಉರಿಯಲು ಒಬ್ಬ ಮನುಷ್ಯ ಕಣಿವೆಗೆ ಬೀಳಬೇಕಾದರೆ ಆ ದೀಪದ ವ್ಯವಸ್ಥೆಯಲ್ಲಿ ಏನೋ ತಪ್ಪಿದೆ ಎಂದು ಅಂದೇ ನನಗೆ ಅನಿಸಿತ್ತು.

ಆದ್ದರಿಂದ ಡಿಪೋಗೆ ಹೊಸದಾಗಿ ಬಂದ ಮೇಜರ್, ಬೇಲಿಯ ದೀಪಗಳನ್ನು ಸೋಲಾರ್‌ಗೆ ಬದಲಾಯಿಸುವ ಪ್ರಯೋಗ ನಮ್ಮಲ್ಲಿ ನಡೆಯುತ್ತದೆ ಎಂದಾಗ ನನಗೆ ಸಂತೋಷವಾಯಿತು. ಆತ ಬೆಳಗಾವಿ ಕಡೆಯವರು. ಎಲ್ಲರ ಮುಂದೆ ಹಿಂದಿ, ಇಬ್ಬರೇ ಇದ್ದಾಗ ಕನ್ನಡ. ಸುಬೇದಾರನಾಗಿದ್ದವನೆಂದು ನನಗೆ ಸಾಹೇಬ್ರ ಎನ್ನುತ್ತಿದ್ದರು.

“ಸಾಹೇಬ್ರ, ಇಲ್ಲಿ ಇದು ಗೆದ್ದಿತಂದ್ರ ಮುಂದ ಗಡಿ ಠಾಣೆಗೂ ಹೋಗತೈತಿ,” ಎಂದರು. “ಸೋತಿತಂದ್ರ ಇನ್ನ ಹತ್ತು ವರ್ಷ ಯಾರೂ ಬಾಯಿ ಬಿಡಂಗಿಲ್ಲ.”

ಹಳೆಯ ಗೋದಾಮಿನ ಚಾವಣಿ ಮೇಲೆ ಸೋಲಾರ್ ಹಲಗೆಗಳು ಬಂದವು. ಕೆಳಗಿನ ಕಲ್ಲಿನ ಕೋಣೆಯಲ್ಲಿ ಬ್ಯಾಟರಿಗಳ ಎರಡು ಸಾಲು, ಆಸಿಡ್ ತುಂಬಿದ ದೊಡ್ಡ ಬ್ಯಾಟರಿಗಳು. ಕೂಡಿಸಲು ಬಂದ ಇಂಜಿನಿಯರು ಹೋಗುವ ಮುನ್ನ ನಮ್ಮನ್ನೆಲ್ಲ ನಿಲ್ಲಿಸಿ ಒಂದು ಮಾತು ಹೇಳಿದರು. ಬ್ಯಾಟರಿ ತುಂಬುವಾಗ ಅದರಿಂದ ಒಂದು ಅನಿಲ ಹೊರಡುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ಮೇಲೇರಿ ಚಾವಣಿಯ ಕೆಳಗೆ ನಿಲ್ಲುತ್ತದೆ. ಒಂದು ಕಿಡಿ ಸಾಕು. ಕಿಟಕಿಯನ್ನೂ ಮೇಲಿನ ಗವಾಕ್ಷಿಗಳನ್ನೂ ಎಂದೂ ಮುಚ್ಚಬೇಡಿ. ಎಲ್ಲರೂ ತಲೆಯಾಡಿಸಿದರು. ನಾನು ಅದನ್ನೇ ಕೆಂಪು ಬಣ್ಣದಲ್ಲಿ, ಹಿಂದಿಯಲ್ಲಿ, ಕೋಣೆಯ ಹೊರಗೋಡೆಯ ಮೇಲೆ ಬರೆಸಿದೆ. ಬಾಗಿಲ ಪಕ್ಕ ಒಂದು ಡ್ರಮ್ ನೀರು, ಒಂದು ಚೊಂಬು ಇಡಿಸಿದೆ. ಆಸಿಡ್ ಇರುವಲ್ಲಿ ನೀರಿರಬೇಕು.

ಜನರೇಟರು ಬಿಟ್ಟು ಈ ಕೋಣೆ ನೋಡಿಕೊಳ್ಳಲು ಮೈದುನನನ್ನು ಹಾಕಿದರು. ಅವನಿಗೆ ಇದು ಮನಸ್ಸಿಗೆ ಬರಲಿಲ್ಲ.

“ಮಾವ, ಇದೇನ್ ಮಷೀನ್ ಅಂತೀರಿ? ಸದ್ದಿಲ್ಲ, ಹೊಗಿಲ್ಲ. ಸತ್ತೈತೋ ಬದುಕೈತೋ ಗೊತ್ತಾಗಂಗಿಲ್ಲ.”

“ದೀಪ ಉರಿಯಾಕತ್ತಾವಲ್ಲ?”

“ಉರಿಯಾಕತ್ತಾವ್ರಿ. ಆದ್ರ ಇದು ಬೆಕ್ಕಿನಂಗ ಐತಿ. ನನ್ನ ಜನರೇಟರ್ ನಾಯಿ ಇದ್ದಂಗ, ಸಿಟ್ಟು ಬಂದ್ರ ಬೊಗಳತಿತ್ತು.”

ಮೋಡ ಕವಿದ ದಿನ ಅವನಿಗೆ ಹಬ್ಬ. “ನಿಮ್ಮ ಸೂರ್ಯಪ್ಪ ಇವತ್ತ ಕ್ಯಾಶುವಲ್ ಲೀವ್ ಹಾಕ್ಯಾನ್ರಿ ಮಾವ,” ಎಂದು ನನ್ನನ್ನು ಕೆಣಕುತ್ತಿದ್ದ.

ಮಳೆಗಾಲದ ಮೊದಲಿಗೆ ತಪಾಸಣೆಯಿತ್ತು. ದಂಡಿನಲ್ಲಿ ದೊಡ್ಡ ಅಧಿಕಾರಿ ಬರುತ್ತಾರೆಂದರೆ ಮೊದಲು ಬರುವುದು ಗೇರು ಎನ್ನುವ ಕೆಮ್ಮಣ್ಣು ಮತ್ತು ಸುಣ್ಣ. ಮರದ ಬುಡ, ರಸ್ತೆಯಂಚಿನ ಕಲ್ಲು, ನಲ್ಲಿಯ ಕಟ್ಟೆ, ನಿಂತಿರುವುದಕ್ಕೆಲ್ಲ ಬಿಳಿ, ಅದರ ಕೆಳಗೆ ಕೆಂಪು ಪಟ್ಟಿ. ನಾನು ಎರಡು ದಿನ ಪಂಪಿನ ರಿಪೇರಿಯಲ್ಲಿದ್ದೆ. ಬಂದು ನೋಡಿದರೆ ಬ್ಯಾಟರಿ ಕೋಣೆಯ ಹೊರಗೋಡೆ ಹಾಲಿನಂತೆ ಬೆಳ್ಳಗಿತ್ತು. ಬರೆಸಿದ ಎಚ್ಚರಿಕೆ ಸುಣ್ಣದ ಕೆಳಗೆ ಹೋಗಿತ್ತು. ಮತ್ತೆ ಬರೆಸುತ್ತೇನೆ ಎಂದೆ. ತಪಾಸಣೆ ಮುಗಿಯಲಿ ಎಂದರು. ತಪಾಸಣೆ ಮುಗಿದ ಮೇಲೆ ಅದು ಬೇಕಾಗಲಿಲ್ಲ, ಏಕೆಂದರೆ ಗವಾಕ್ಷಿಗಳನ್ನೇ ಮುಚ್ಚುವ ಆದೇಶ ಬಂತು.

ಆದೇಶ ಮೇಲಿನಿಂದ ಬಂದದ್ದು. ಸುತ್ತಲಿನ ಕಟ್ಟಡಗಳಲ್ಲಿ ತಾಮ್ರದ ತಂತಿ, ಬ್ಯಾಟರಿ ಕಳುವಾಗುತ್ತಿದ್ದವು. ತಪಾಸಣೆಗೆ ಬಂದ ಅಧಿಕಾರಿ ನಮ್ಮ ಕೋಣೆ ನೋಡಿ, ಇಷ್ಟು ಬೆಲೆಯ ಸಾಮಾನು ತೆರೆದ ಕಿಟಕಿಯ ಕೋಣೆಯಲ್ಲೇ ಎಂದು ಹುಬ್ಬೇರಿಸಿದರು. ಅಂದಿನಿಂದ ಅದು ಬ್ಯಾಟರಿ ಕೋಣೆಯಲ್ಲ, ಬೆಲೆಬಾಳುವ ಸಾಮಾನಿನ ಗೋದಾಮು. ಗೋದಾಮಿಗೆ ಇರುವ ಕಟ್ಟಳೆ ಅದಕ್ಕೂ ಬಂತು. ಸೂರ್ಯ ಮುಳುಗುವ ಮುಂಚೆ ಕಿಟಕಿಗಳಿಗೆ ಒಳಗಿನಿಂದ ಅಗುಳಿ, ಬಾಗಿಲಿಗೆ ಬೀಗ, ಬೀಗಕ್ಕೆ ಬಟ್ಟೆ ಸುತ್ತಿ, ಅದರ ಮೇಲೆ ಅರಗು ಕರಗಿಸಿ, ಹಿತ್ತಾಳೆಯ ಮುದ್ರೆ ಒತ್ತುವುದು. ಆ ಮುದ್ರೆಯನ್ನು ಮರುದಿನ ಅಧಿಕಾರಿಯ ಎದುರಿಗೇ ಒಡೆಯಬೇಕು. ರಜೆಯ ದಿನ ಅಧಿಕಾರಿ ಇರುವುದಿಲ್ಲ, ಒಡೆಯುವಂತಿಲ್ಲ. ಮೇಲಿನ ಗವಾಕ್ಷಿಗಳಿಗೆ ಮರದ ಹಲಗೆ ಬಡಿದು, ಹಲಗೆಗೆ ಗೇರು ಬಳಿದರು. ನೋಡಲು ಅಚ್ಚುಕಟ್ಟಾಗಿತ್ತು. ಗಾಳಿ ಎಳೆದು ಹಾಕುವ ಫ್ಯಾನ್ ಒಂದು ಗೋಡೆಯಲ್ಲಿತ್ತು, ಆದರೆ ಅದರ ತಗಡಿನ ಬಾಯಿ ಫ್ಯಾನ್ ತಿರುಗಿದರೆ ಮಾತ್ರ ತೆರೆಯುತ್ತಿತ್ತು.

ನಾನು ಮೇಜರ್ ಹತ್ತಿರ ಹೋದೆ.

“ಸರ್, ಆ ಕೋಣಿ ಉಸಿರಾಡಬೇಕ್ರಿ.”

“ಗೊತ್ತೈತ್ರಿ ಸಾಹೇಬ್ರ. ಆದ್ರ ಒಂದ್ ಬ್ಯಾಟರಿ ಕಳುವಾದ್ರ ಈ ಪ್ರಯೋಗ ಅಲ್ಲಿಗೇ ಮುಗೀತು. ಹಗಲ ಕಿಟಕಿ ತೆಗೀರಿ, ಸಂಜಿಗೆ ಮುಚ್ಚರಿ. ಸಂಜಿಗೆ ಎಲ್ಲಿ ಬಿಸಿಲಿರತೈತಿ, ಎಲ್ಲಿ ಗ್ಯಾಸ್ ಬರತೈತಿ?”

“ರಜಾ ದಿನ ಸರ್? ಸೂರ್ಯಾಗ ರಜಾ ಇಲ್ಲಲ್ರಿ.”

ಆತ ಗೋಡೆಯ ಕ್ಯಾಲೆಂಡರ್ ನೋಡಿದರು. “ಆಯಿತವಾರ ನಾನೇ ಬಂದು ತೆಗಸ್ತೀನಿ,” ಎಂದರು.

ಕೆಲವು ಭಾನುವಾರ ಬಂದರು ಕೂಡ. ಆಮೇಲೆ ಮಳೆ ಹಿಡಿಯಿತು, ಬಿಸಿಲು ಇರಲಿಲ್ಲ, ಬರುವುದು ನಿಂತಿತು. ಅವರದು ತಪ್ಪೆಂದು ನಾನು ಹೇಳುವುದಿಲ್ಲ. ಸೈನ್ಯಕ್ಕೆ ಬೀಗ ಹಾಕಬಹುದಾದ್ದರ ಮೇಲೆ ನಂಬಿಕೆ. ಡೀಸೆಲ್ಲನ್ನು ಅಳೆದು ಕೊಡಬಹುದು, ಪೀಪಾಯಿಯಲ್ಲಿ ಮುಚ್ಚಿಡಬಹುದು, ಅದರ ಬಾಗಿಲಲ್ಲಿ ಕಾವಲು ನಿಲ್ಲಿಸಬಹುದು. ಬಿಸಿಲು ಯಾರ ಸಹಿಗೂ ಕಾಯುವುದಿಲ್ಲ. ಬಾಗಿಲು ಮುಚ್ಚಿದ್ದರೂ ಚಾವಣಿಯಿಂದ ತಂತಿಯಲ್ಲಿ ಇಳಿದು ಒಳಗೆ ಬರುತ್ತದೆ. ಇಂಥದನ್ನು ತಂದು ಹಳೆಯ ಕಟ್ಟಳೆಯೊಳಗೆ ಕೂರಿಸಿದರೆ ಏನಾದೀತೆಂದು ಯಾರೂ ಯೋಚಿಸಿರಲಿಲ್ಲ. ಸೋಲಾರ್ ಹಲಗೆ ಕೊಳ್ಳುವುದು ಸುಲಭ. ಕಟ್ಟಳೆ ಬದಲಿಸುವುದು ಕಷ್ಟ.

ಮಳೆ ನಿಂತ ಮೇಲೆ ಕೋಣೆ ಬದಲಾಗತೊಡಗಿತು. ಬೇಲಿಯ ಅರ್ಧ ದೀಪಗಳು ಇನ್ನೂ ಬಂದಿರಲಿಲ್ಲವಾದ್ದರಿಂದ ಬ್ಯಾಟರಿಗಳು ಮಧ್ಯಾಹ್ನಕ್ಕೆ ಮುಂಚೆಯೇ ತುಂಬಿಬಿಡುತ್ತಿದ್ದವು. ತುಂಬಿದ ಮೇಲೂ ಬಿಸಿಲು ಬೀಳುತ್ತಲೇ ಇರುತ್ತಿತ್ತು. ಅದನ್ನು ತಡೆಯಬೇಕಾದ ಪೆಟ್ಟಿಗೆ ಸರಿಯಾಗಿ ತಡೆಯುತ್ತಿರಲಿಲ್ಲ. ರಿಪೇರಿಗೆ ಹೇಳಿ ಕಳಿಸಿದ್ದೆವು, ಯಾರೂ ಬಂದಿರಲಿಲ್ಲ. ಒಳಗೆ ಹೋದರೆ ಅನ್ನ ಸಣ್ಣ ಉರಿಯಲ್ಲಿ ಕುದಿಯುವ ಹಾಗೆ ಗುಳ್ಳೆಗಳ ಸದ್ದು. ಬಾಗಿಲ ಹಿತ್ತಾಳೆ ಬೀಗ ಹಸಿರಾಯಿತು. ಒಳಗೋಡೆಯ ಸುಣ್ಣ ಹಪ್ಪಳದಂತೆ ಎದ್ದು ಉದುರಿತು. ಸೋಮವಾರ ಬೆಳಿಗ್ಗೆ ಮುದ್ರೆ ಒಡೆದು ಬಾಗಿಲು ತೆಗೆದರೆ ಹುಳಿ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ನೆಲದ ಮೇಲೆ ಒಂದೋ ಎರಡೋ ಹಲ್ಲಿ ಸತ್ತು ಬಿದ್ದಿರುತ್ತಿದ್ದವು. ವಾಸನೆ ಬರುವುದು ಆಸಿಡ್ಡಿನದು. ನಾನು ಹೆದರುತ್ತಿದ್ದುದು ವಾಸನೆಯಿಲ್ಲದ್ದಕ್ಕೆ.

ಮೈದುನ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಒಂದು ಸಲ ನನ್ನ ಹೆಂಡತಿ ಅವನ ಅಂಗಿ ಹಿಡಿದು ಬೆಳಕಿಗೆ ಎತ್ತಿದಳು. ಹೊಟ್ಟೆಯ ಭಾಗವೆಲ್ಲ ಸಣ್ಣ ಸಣ್ಣ ತೂತು.

“ರೀ, ನೋಡ್ರಿಲ್ಲೆ. ಅಂಗಿ ಅಲ್ಲ ಇದು, ಜರಡಿ. ಅಂಗಿ ಹಿಂಗಾದ್ರ ಮೈ ಹೆಂಗಾಗಿರಬೇಕು?”

“ಅಕ್ಕ, ಮೈ ಗಟ್ಟಿ ಐತಿ, ನಿನ್ನ ರೊಟ್ಟಿ ತಿಂದದ್ದು,” ಎಂದ ಅವನು.

“ಕಣ್ಣಿಗೆ ಸಿಡದ್ರ ರೊಟ್ಟಿ ಏನ್ ಮಾಡತೈತಿ?”

ಅವಳ ಆ ಮಾತು ನನ್ನನ್ನು ಎಬ್ಬಿಸಿತು. ಅಂದೇ ಕೋಠಿಯ ಪೇಟೆಗೆ ಹೋಗಿ, ಬಸ್ಸು ಆಟೋಗಳ ನಡುವೆ ಅಂಗಡಿ ಅಂಗಡಿ ಹುಡುಕಿ, ಸುತ್ತಲೂ ರಬ್ಬರ್ ಇರುವ ದಪ್ಪ ಕನ್ನಡಕವೊಂದನ್ನೂ ಉದ್ದನೆಯ ಕೈಗವಸುಗಳನ್ನೂ ತಂದುಕೊಟ್ಟೆ. ಇವನ್ನು ಹಾಕದೆ ಆ ಬಾಗಿಲು ದಾಟಬಾರದು ಎಂದೆ. ಅವನು ಹಾಕಿಕೊಂಡ. ಆದರೆ ಬೆವರುತ್ತದೆಂದು ಕನ್ನಡಕ ಬಹಳ ಸಲ ಹಣೆಯ ಮೇಲೇರಿರುತ್ತಿತ್ತು. ಜವಾನರು ನಕ್ಕರೆ, “ಬಾಸಿಂಗ ಕಟ್ಟೀನ್ರಿ, ಬ್ಯಾಟರಿ ಜೋಡಿ ಲಗ್ನ,” ಎನ್ನುತ್ತಿದ್ದ. ನಾನು ಹತ್ತಿರ ಬಂದರೆ ಕೆಳಗಿಳಿಯುತ್ತಿತ್ತು.

ದಸರೆ ಬಂತು. ಆ ಸಲ ಭಾನುವಾರಕ್ಕೆ ರಜೆಗಳು ಅಂಟಿಕೊಂಡು ಬಂದಿದ್ದವು. ಮೇಜರ್ ಬೆಳಗಾವಿಗೆ ಹೋದರು. ಖಂಡೇನವಮಿಯ ಬೆಳಿಗ್ಗೆಗೆ ಮರಳಿ ಬರುತ್ತೇನೆ, ಆಯುಧಪೂಜೆಗೆ ದೊಡ್ಡ ಸಾಹೇಬರೂ ಬರುತ್ತಾರೆ ಎಂದಿದ್ದರು. ಕೋಣೆಗೆ ಬೀಗ, ಬೀಗಕ್ಕೆ ಮುದ್ರೆ. ಆಕಾಶ ತೊಳೆದಿಟ್ಟಂತಿತ್ತು. ಬಿಸಿಲು ಬೇಸಿಗೆಯದಕ್ಕಿಂತ ಚುರುಕು.

ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ರಜೆಯ ನಡುವೆ ಒಂದು ದಿನ ಡಿಪೋಗೆ ಹೋದೆ. ಕಾವಲಿನ ನಾಯಕ್ ನನ್ನ ಪರಿಚಯದವನೇ. ಕೀಲಿ ಕೇಳಿದೆ. ಮುದ್ರೆ ಒಡೆಯುವ ಅಧಿಕಾರ ತನಗಿಲ್ಲ ಎಂದ, ನಿಜ, ಇರಲಿಲ್ಲ. ಹೋಗಲಿ, ಚಾವಣಿಯ ಸೋಲಾರ್ ಹಲಗೆಗಳ ಮೇಲೆ ತಾಡಪತ್ರಿ ಹೊದಿಸು, ಬಿಸಿಲು ಬೀಳುವುದು ತಪ್ಪಲಿ ಎಂದೆ. ಪ್ರಯೋಗದ ಸಾಮಾನಿಗೆ ಕೈ ಹಚ್ಚಲು ಲಿಖಿತ ಆದೇಶ ಬೇಕು ಎಂದ. ಬಿಸಿಲನ್ನು ಕತ್ತರಿಸುವ ಸ್ವಿಚ್ಚು ಇದ್ದದ್ದು ಕೋಣೆಯ ಒಳಗೆ. ಹೊರಗಿದ್ದ ಫ್ಯಾನಿನ ಸ್ವಿಚ್ಚನ್ನು ಗ್ಯಾಸು ತುಂಬಿ ನಿಂತಾಗ ಒತ್ತುವ ಹಾಗಿರಲಿಲ್ಲ. ನಾನು ಬಾಗಿಲಿಗೆ ಕಿವಿಯಿಟ್ಟೆ. ಒಳಗಿನಿಂದ ಗುಳುಗುಳು ಸದ್ದು ಎಡೆಬಿಡದೆ ಬರುತ್ತಿತ್ತು. ಮನೆಗೆ ಬಂದು ಬೆಳಗಾವಿಗೆ ಫೋನು ಹಚ್ಚಿದೆ. ಸಾಹೇಬರು ಹಬ್ಬಕ್ಕೆ ಹಳ್ಳಿಗೆ ಹೋಗಿದ್ದಾರೆ ಎಂದರು. ನವಮಿಯ ದಿನ ಎಲ್ಲರಿಗಿಂತ ಮೊದಲು ಹೋಗಿ, ಪೂಜೆಗೆ ಮುಂಚೆ ಕೋಣೆ ತೆಗೆಸಬೇಕೆಂದು ನಿಶ್ಚಯಿಸಿದೆ. ಮೈದುನನಿಗೂ ಹೇಳಿದೆ: ನಾನು ಬರುವ ತನಕ ಬಾಗಿಲು ತೆಗೆಯಬೇಡ, ಒಳಗೆ ಬೆಂಕಿ ಒಯ್ಯಬೇಡ. “ಆತ್ರಿ ಮಾವ,” ಎಂದ.

ಹಬ್ಬದ ದಿನ ರೈಲುಗಳು ಕಡಿಮೆ. ನಾನು ಹತ್ತಿದ್ದು ದಾರಿಯಲ್ಲಿ ನಿಂತು ನಿಂತು ಹೋಯಿತು. ಡಿಪೋ ಮುಟ್ಟಿದಾಗ ಬ್ಯಾಟರಿ ಕೋಣೆಯ ಎದುರು ಜನ ಸೇರಿದ್ದರು. ಗೋಡೆಗೆ ಮಾವಿನ ತೋರಣ. ಮೆಟ್ಟಿಲ ಪಕ್ಕ ಮಣೆಯ ಮೇಲೆ ಆಯುಧಗಳೆಲ್ಲ ಪೂಜೆಗೆ ಕೂತಿದ್ದವು: ಪಾನಾಗಳು, ಇಕ್ಕಳ, ಆಸಿಡ್ ಅಳೆಯುವ ಗಾಜಿನ ನಳಿಗೆ, ಕೈಗವಸುಗಳು, ನಾನು ಕೋಠಿಯಿಂದ ತಂದ ಕನ್ನಡಕ. ಕನ್ನಡಕದ ಎರಡೂ ಗಾಜಿನ ಮೇಲೆ ಅಡ್ಡ ವಿಭೂತಿ, ನಡುವೆ ಕುಂಕುಮ. ಖಂಡೇನವಮಿಯ ದಿನ ಪೂಜೆಗಿಟ್ಟ ಆಯುಧ ಮುಟ್ಟುವಂತಿಲ್ಲ. ಅವಕ್ಕೆ ಅಂದು ವಿಶ್ರಾಂತಿ.

ಮೇಜರ್ ಆಗಲೇ ಅರಗು ಒಡೆದು ಕೀಲಿ ತಿರುಗಿಸುತ್ತಿದ್ದರು. ಪಕ್ಕದಲ್ಲಿ ಹೊಸ ಅಂಗಿ ತೊಟ್ಟ ನನ್ನ ಮೈದುನ. ಅವನ ಕೈಯಲ್ಲಿ ತಾಟು, ತಾಟಿನಲ್ಲಿ ಉರಿಯುವ ಕರ್ಪೂರ.

“ಆರಸು ಅದನ್ನ,” ಎಂದೆ.

“ಮಾವ, ಹಚ್ಚಿದ ಆರತಿ ಆರಸ್ತಾರೇನ್ರಿ? ಹೊಸ್ತಿಲಿಗೆ ಬೆಳಗಿ ಬಿಡ್ತೀನಿ. ಒಳಗ ಹೋಗಂಗಿಲ್ಲ.”

“ಹೊಸ್ತಿಲಿಗೂ ಬ್ಯಾಡ. ಮ್ಯಾಲೆ ಗ್ಯಾಸ್ ತುಂಬಿ ನಿಂತೈತಿ.”

ಮೇಜರ್ ನನ್ನ ಮುಖ ನೋಡಿದರು. ಅವರಿಗೂ ನೆನಪಾಯಿತೆಂದು ತೋರುತ್ತದೆ. “ಅವರ ಮಾತ ಕೇಳು,” ಎಂದರು. ಮೈದುನ ಕದಲಲಿಲ್ಲ. ನಾನು ಡ್ರಮ್ಮಿನ ಮೇಲಿದ್ದ ಚೊಂಬನ್ನು ತೆಗೆದು ಕರ್ಪೂರದ ಮೇಲೆ ಬೋರಲು ಹಾಕಿದೆ. ಹೊಗೆ ಸುತ್ತಿಕೊಂಡು ಬಂತು. ಜವಾನರು ಒಬ್ಬರ ಮುಖ ಒಬ್ಬರು ನೋಡಿದರು.

“ಹಬ್ಬದ ದಿನ ಆರತಿ ಆರಸಿದ್ರಿ ಮಾವ,” ಎಂದ ಅವನು, ಸಣ್ಣ ದನಿಯಲ್ಲಿ.

ತಾಟನ್ನು ದೂರದ ಬೇವಿನ ಕಟ್ಟೆಗೆ ಕಳಿಸಿದೆ. ಬಾಗಿಲು ತೆರೆದು ನಾನೇ ಒಳಗೆ ಹೋಗಿ, ಕಿಡಿಯ ಭಯಕ್ಕೆ ಬಿಸಿಲಿನ ಸ್ವಿಚ್ಚು ಮುಟ್ಟದೆ, ಕಿಟಕಿಗಳ ಅಗುಳಿ ತೆಗೆದು ಬಂದೆ. ಕಣ್ಣುರಿಯಿತು. ಕಿಟಕಿಗಳು ಸೊಂಟದ ಎತ್ತರದವು. ಮೇಲಿದ್ದದ್ದು ಅವುಗಳಿಂದ ಹೋಗುವುದಿಲ್ಲ. ಗವಾಕ್ಷಿಯ ಹಲಗೆ ಕೀಳಬೇಕು, ಆಮೇಲೆ ಕಾಯಬೇಕು, ಅಲ್ಲಿಯವರೆಗೆ ಯಾರೂ ಏನನ್ನೂ ಮುಟ್ಟಬಾರದು ಎಂದು ಮೇಜರರಿಗೆ ಹೇಳಿದೆ. ಅವರು ಸರಿ ಎಂದರು. ಇಬ್ಬರು ಜವಾನರನ್ನು ಕರೆದುಕೊಂಡು ಗೋಡೆಯ ಹಿಂದಿನಿಂದ ಏಣಿ ತರಲು ಹೋದೆ. ಮೈದುನ ಚೆಂಡು ಹೂವಿನ ಮಾಲೆ ಹಿಡಿದು ಬಾಗಿಲಲ್ಲೇ ಉಳಿದ. ಆರತಿ ಇಲ್ಲದಿದ್ದರೆ ಹೂವಾದರೂ ಇರಲಿ ಎಂದು ಚಿಲಕಕ್ಕೆ ಕಟ್ಟುತ್ತಿದ್ದ. ಹೂವಿನಿಂದ ಕಿಡಿ ಹಾರುವುದಿಲ್ಲ. ನಾನು ಬೇಡವೆನ್ನಲಿಲ್ಲ.

ಅಷ್ಟರಲ್ಲಿ ಗೇಟಿನಲ್ಲಿ ದೊಡ್ಡ ಸಾಹೇಬರ ಕಾರು ಕಾಣಿಸಿತು. ಪೂಜೆ ತಯಾರಿಲ್ಲ, ಕೋಣೆಯಲ್ಲಿ ಹುಳಿ ವಾಸನೆ. ಫ್ಯಾನ್ ಹಾಕಿದರೆ ಗಾಳಿ ಬೇಗ ಹೊರಗೆ ಹೋದೀತೆಂದು ಮೇಜರರಿಗೆ ತೋಚಿತು. ಗಾಳಿ ತೆಗೆಯಲೆಂದೇ ಇಟ್ಟ ಫ್ಯಾನ್ ಅದು. ಬೇರೆ ಯಾವ ದಿನವಾದರೂ ಸರಿಯಾದ ಯೋಚನೆ. ಆದರೆ ಅದು ಇದ್ದದ್ದು ಚಾವಣಿಯ ಕೆಳಗೆ, ಅನಿಲ ನಿಂತ ಜಾಗದಲ್ಲೇ. ಮಳೆಗಾಲವೆಲ್ಲ ಆಸಿಡ್ ಹಬೆ ಕುಡಿದ ಅದರ ಮೋಟಾರು ಶುರುವಾಗುವಾಗ ಕಿಡಿ ಉಗುಳುತ್ತಿತ್ತು. ಸ್ವಿಚ್ಚು ಹೊರಗೋಡೆಯ ಮೇಲೆ. ಏಣಿ ಹೊತ್ತು ಮೂಲೆ ತಿರುಗಿದಾಗ ಅವರ ಕೈ ಅದರ ಮೇಲಿರುವುದು ಕಂಡೆ. ನಾನು ಬಾಯಿ ತೆರೆದದ್ದೂ ಸದ್ದಾದದ್ದೂ ಒಟ್ಟಿಗೆ.

ಗೇರು ಬಳಿದ ಹಲಗೆಗಳು ಹಾರಿ ಅಂಗಳದಲ್ಲಿ ಬಿದ್ದವು. ಒಳಗೆ ಬ್ಯಾಟರಿಗಳು ಒಂದರ ಹಿಂದೊಂದು ಒಡೆದವು. ಆಸಿಡ್ ಬಾಗಿಲಿನಿಂದ ಹೊರಗೆ ಚಿಮ್ಮಿತು. ದೊಡ್ಡ ಸಾಹೇಬರು ಕಾರಿನಿಂದ ಇಳಿದು, ಹಬ್ಬದ ದಿನವೂ ಬಂಡೆ ಒಡೆಯುತ್ತಾರೆಯೇ ಎಂದು ಕೇಳಿದರಂತೆ.

ಮೈದುನ ಮೆಟ್ಟಿಲ ಕೆಳಗೆ ಮಂಡಿಯೂರಿ ಕೂತಿದ್ದ. ಮಾಲೆ ಇನ್ನೂ ಕೈಯಲ್ಲಿತ್ತು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದ. ನಾನು ಅವನನ್ನು ಡ್ರಮ್ಮಿನ ಹತ್ತಿರ ಎಳೆದು, ಒಬ್ಬ ಜವಾನನಿಂದ ತಲೆ ಹಿಡಿಸಿ, ರೆಪ್ಪೆ ಬಿಡಿಸಿ ನೀರು ಸುರಿದೆ. ಅವನು ಒದರಿದ. ಸುರಿದೆ. ಒದ್ದ. ಸುರಿದೆ. ಡ್ರಮ್ ಮುಗಿದ ಮೇಲೆ ಪಂಪಿನಿಂದ ಬಕೆಟ್ಟುಗಳು ಬಂದವು. ಆಂಬುಲೆನ್ಸಿನಲ್ಲೂ ನಾನು ನಿಲ್ಲಿಸಲಿಲ್ಲ. ದಾರಿಯಲ್ಲಿ ಒಮ್ಮೆ ಅವನು ಶಾಂತವಾಗಿ ಕೇಳಿದ:

“ಮಾವ, ಇನ್ನ ಹಗಲ ಐತೇನ್ರಿ?”

ಹೊರಗೆ ಬಿಸಿಲು ಸುಡುತ್ತಿತ್ತು. “ಐತಿ,” ಎಂದೆ. ಮತ್ತೆ ನೀರು ಸುರಿದೆ.

ಮರುದಿನ ವಿಜಯದಶಮಿ. ಹೆಂಡತಿ ಬನ್ನಿ ಎಲೆ ತಂದು ಆಸ್ಪತ್ರೆಯಲ್ಲಿ ತಮ್ಮನ ಅಂಗೈಯಲ್ಲಿಟ್ಟಳು. “ಬನ್ನಿ ತಗೋ ತಮ್ಮ, ಬಂಗಾರದಂಗ ಇರೂಣು,” ಎಂದಳು. ಕಣ್ಣಿಗೆಲ್ಲ ಪಟ್ಟಿ. ಅವನು ಎಲೆಯನ್ನು ಬೆರಳಿನಿಂದ ತಡವಿ, “ಬನ್ನಿ ಹೌದೋ, ಬನ್ನಿ ಬದಲಿ ಆಪಟಾ ಎಲಿ ಕೊಟ್ಟಿಯೋ ಅಕ್ಕ? ಕುಡ್ಡ ಅಂತ ಮೋಸ ಮಾಡಬ್ಯಾಡ,” ಎಂದ. ಅವಳು ನಕ್ಕಳು, ಆಮೇಲೆ ವರಾಂಡಕ್ಕೆ ಬಂದು ಅತ್ತಳು. ಅಲ್ಲಿ ನನಗೊಂದು ಮಾತು ಹೇಳಿದಳು:

“ನೀವು ಆರತಿ ಆರಸಬಾರದಿತ್ತರಿ.”

ನಾನು ಗ್ಯಾಸು, ಫ್ಯಾನು, ಹಲಗೆ ಎಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿದಳು. “ಅದೆಲ್ಲ ಖರೇನ ಇದ್ದೀತು,” ಎಂದಳು. ಮುಂದೆ ಎಷ್ಟೋ ಹಬ್ಬ ಬಂದಿವೆ. ದೀಪ ಹಚ್ಚುವಾಗ ಅವಳು ನನ್ನನ್ನು ಪಡಸಾಲೆಗೆ ಕಳಿಸುತ್ತಾಳೆ.

ಬಲಗಣ್ಣು ಉಳಿಯಿತು. ಎಡಗಣ್ಣು ಬಿಳಿಚಿ ನಿಂತಿತು. ನೀರು ಸಿಕ್ಕಿದ್ದರಿಂದ ಒಂದಾದರೂ ಉಳಿದಿದೆ ಎಂದು ಡಾಕ್ಟರು ಹೇಳಿದರು.

ಆಮೇಲೆ ವಿಚಾರಣೆ. ಅದು ಕೂರುವ ಮುಂಚೆಯೇ ಡಿಪೋದಲ್ಲಿ ಒಂದು ಮಾತು ಎದ್ದಿತ್ತು: ಸಿವಿಲಿಯನ್ ಅಟೆಂಡರ್ ಆರತಿ ತಾಟು ಹಿಡಿದು ಒಳಗೆ ಹೋದ, ಸಿಡಿಯಿತು. ಕೇಳಿದವರಿಗೆಲ್ಲ ಅದು ಸರಿಯೆನಿಸುತ್ತಿತ್ತು. ಅದು ಹಾಗೆಯೇ ದಾಖಲಾಗಿದ್ದರೆ ಮೈದುನನ ಕಣ್ಣಿನ ಜೊತೆ ನೌಕರಿಯೂ ಹೋಗುತ್ತಿತ್ತು. ಅವನು ಎರಡು ತಿಂಗಳ ಪಗಾರಿಲ್ಲದೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದ. ನಾನು ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿದೆ. ತಾಟು ಬೇವಿನ ಕಟ್ಟೆಯಲ್ಲಿತ್ತು, ಕರ್ಪೂರ ಆರಿತ್ತು, ಆರಿಸಿದವನು ನಾನು. ನೀವು ಅವನ ಸಂಬಂಧಿಯಲ್ಲವೇ ಎಂದು ಕೇಳಿದರು. ಹೌದು ಎಂದೆ. ನಾನು ಹೇಳಿದ್ದರ ತೂಕ ಅಲ್ಲಿಗೆ ಅರ್ಧವಾಯಿತು.

ಆಮೇಲೆ ಮೇಜರರನ್ನು ಕರೆದರು. ನಾನು ಬಾಗಿಲ ಹೊರಗಿದ್ದೆ. ಅವರು ಹಿಂದಿಯಲ್ಲಿ, ಪರೇಡಿನ ದನಿಯಲ್ಲಿ ಹೇಳಿದ್ದು ಸ್ಪಷ್ಟ ಕೇಳಿಸಿತು: ಸ್ವಿಚ್ ಹಾಕಿದ್ದು ನಾನು, ಕಾಯಿರಿ ಎಂದು ನನಗೆ ಹೇಳಲಾಗಿತ್ತು. ಹೊರಗೆ ಬಂದಾಗ ಬೆಂಚಿನ ಎದುರು ನಿಂತು ಮೈದುನನ ಕಡೆ ನೋಡಿದರು. ಅವನ ಭುಜ ಮುಟ್ಟಿ ಹೋದರು. ಬೇಗನೆ ಅವರ ವರ್ಗವಾಯಿತು.

ನೌಕರಿ ಉಳಿಯಿತು. ಮೈದುನ ಮತ್ತೆ ಜನರೇಟರ್ ಶೆಡ್ಡಿಗೆ ಬಂದ. ಪ್ರಯೋಗ ವಿಫಲವೆಂದು ತೀರ್ಮಾನವಾಯಿತು. ಸೋಲಾರ್ ನಮ್ಮಂಥ ಜಾಗಕ್ಕೆ ಅಪಾಯ ಎಂದರು. ಮುದ್ರೆಯ ಕಟ್ಟಳೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದನ್ನು ಎಲ್ಲರೂ ಚಾಚೂ ತಪ್ಪದೆ ಪಾಲಿಸಿದ್ದರು.

ಚಾವಣಿಯ ಸೋಲಾರ್ ಹಲಗೆಗಳಿಗೆ ಏನೂ ಆಗಿರಲಿಲ್ಲ. ಕೆಲವು ಬ್ಯಾಟರಿಗಳೂ ಒಡೆಯದೆ ಉಳಿದಿದ್ದವು. ಸೈನ್ಯದಲ್ಲಿ ಸರಿಯಿರುವ ಸಾಮಾನನ್ನು ಎಸೆಯುವುದಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಲಾರಿ ಬಂತು. ಎಲ್ಲವನ್ನೂ ಉತ್ತರದ ಬೇರೊಂದು ಡಿಪೋಗೆ ಒಯ್ಯುತ್ತಾರಂತೆ. ಒಯ್ಯಲು ಬಂದ ಹವಾಲ್ದಾರ್ ಸೌಮ್ಯ ಮನುಷ್ಯ, ಶಿಸ್ತಿನವನು. ಹಗ್ಗ ಬಿಗಿಸುವಾಗ ನಾನು ಅವನಿಗೆ ಹೇಳಿದೆ: ಇವನ್ನು ಇಡುವ ಕೋಣೆಗೆ ಮೇಲೆ ತೆರೆದ ಗವಾಕ್ಷಿ ಬೇಕು, ಎಂದೂ ಮುಚ್ಚಬಾರದು. ಅವನು ಗೌರವದಿಂದ ಕೇಳಿ, ಕೋಣೆ ಯಾವುದೆಂದು ನಿಶ್ಚಯಿಸುವುದು ತಾನಲ್ಲ ಎಂದ.

ಮೈದುನ ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತ ಬಂದ. ಹವಾಲ್ದಾರನ ಎದುರು ನಿಂತು, ತನಗೆ ಬರುವಷ್ಟು ಹಿಂದಿಯಲ್ಲಿ, ನಾನು ಹೇಳಿದ್ದನ್ನೇ ಮತ್ತೆ ಹೇಳಿದ. ಗ್ಯಾಸು ಮೇಲೆ ನಿಲ್ಲುತ್ತದೆ. ಕಾಣುವುದಿಲ್ಲ. ಕಿಟಕಿ ಮುಚ್ಚಬೇಡಿ. ಹಬ್ಬದ ರಜೆಗೂ ಮುಚ್ಚಬೇಡಿ.

ಹವಾಲ್ದಾರ್ ಅವನ ಬಿಳಿ ಕಣ್ಣನ್ನು ನೋಡಿದ. ಆಮೇಲೆ ದನಿ ತಗ್ಗಿಸಿ, ಅನುಕಂಪದಿಂದ, ಕೇಳಿದ:

“ಬೀಡಿ ಪೀ ರಹೇ ಥೇ ಕ್ಯಾ, ಭಾಯಿ?”

ಮೈದುನ ಹುಟ್ಟಿದಂದಿನಿಂದ ಬೀಡಿ ಸೇದಿದವನಲ್ಲ. ಹಾಗೆಂದು ಹೇಳಿದ ಕೂಡ. ಹವಾಲ್ದಾರ್ ತಲೆಯಾಡಿಸಿದ, ಇಂಥವರು ಹಾಗೆಯೇ ಹೇಳುತ್ತಾರೆ ಎಂಬ ಹಾಗೆ. ಲಾರಿ ಹತ್ತಿ, ಡ್ರೈವರನ ಪಕ್ಕ ಕೂತು, ನನಗೊಂದು ಅಚ್ಚುಕಟ್ಟಾದ ಸಲ್ಯೂಟ್ ಹೊಡೆದ. ಗೇಟಿನ ಕಾವಲಿನವನು ಚೀಟಿ ನೋಡಿ ಅಡ್ಡಗಂಬ ಎತ್ತಿದ.